ಎಚ್ಚರಿಕೆಯ ಸುದ್ದಿ ಹೊಲದ ತನಕ ಮುಟ್ಟಲಿ



ಮುಂಗಾರು ಬಲಿತು ಜಲಾಶಯಗಳು ತುಂಬುತ್ತ ಬಂದಂತೆ "ನದಿ ಪಾತ್ರದ ಜನರು ಎಚ್ಚರದಿಂದ ಇರತಕ್ಕದ್ದು" ಎಂಬ ಪ್ರಕಟಣೆಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ, ಆಕಾಶವಾಣಿಯಲ್ಲಿ ಕೇಳಿರುತ್ತೀರಿ. ಈಚೆಗೆ ಕಿಸೆಯಲ್ಲಿರುವ ಮೊಬೈಲಿಗೂ ಅದು ಬರುತ್ತದೆ. ಆದರೂ ನೆರೆ ಇಳಿದ ಮೇಲೆ ಹೊಳೆದಂಡೆಯ ಊರುಗಳಿಗೆ ಹೋದರೆ ಕಾಣುವುದೇನು? ಕೆಸರಿನಲ್ಲಿ ಹೂತ ಮೋಟಾರು, ಕಣ್ಣಿಯಲ್ಲಿಯೇ ಸತ್ತು ಬಿದ್ದ ಎಮ್ಮೆ, ನೀರು ಕುಡಿದು ಗಟ್ಟಿಯಾದ ಗೊಬ್ಬರದ ಚೀಲ. "ಸುದ್ದಿ ಬಂದಿತ್ತು, ಇಷ್ಟು ಬೇಗ ನೀರು ಬರುತ್ತದೆಂದು ತಿಳಿಯಲಿಲ್ಲ" ಎಂದು ಒಬ್ಬರು ಹೇಳುತ್ತಾರೆ. "ನಮ್ಮ ಓಣಿಗೆ ಸುದ್ದಿಯೇ ಬರಲಿಲ್ಲ" ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತೂ ನಿಜವೇ.

ಎಚ್ಚರಿಕೆಯನ್ನು ಕಳುಹಿಸುವುದು ಸರ್ಕಾರದ ಕೆಲಸ. ಅದನ್ನು ಹೊಲದ ತನಕ ಮುಟ್ಟಿಸುವುದು ಮತ್ತು ಮುಟ್ಟಿದ ಮೇಲೆ ಕೈಕಾಲು ಆಡಿಸುವುದು ಊರಿನ ಕೆಲಸ. ಈ ಎರಡೂ ಕೂಡಿದಾಗ ಮಾತ್ರ ಜೀವ ಮತ್ತು ಜಾನುವಾರು ಉಳಿಯುತ್ತವೆ. ಆದುದರಿಂದ ಈ ಸುದ್ದಿ ಎಲ್ಲಿಂದ ಹೊರಟು ಹೇಗೆ ಬರುತ್ತದೆ, ಬಂದಾಗ ಏನು ಮಾಡಬೇಕು ಎಂಬುದನ್ನು ಈ ವಾರ ನೋಡೋಣ.

ಸುದ್ದಿ ಹೊರಡುವುದು ಎಲ್ಲಿಂದ?

ಮಳೆ, ಗಾಳಿ, ಸಿಡಿಲಿನ ಮುನ್ಸೂಚನೆಯನ್ನು ಭಾರತ ಹವಾಮಾನ ಇಲಾಖೆ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಈ ಕೆಲಸದಲ್ಲಿದೆ. 1988ರಲ್ಲಿ ಬರ ಪರಿಸ್ಥಿತಿಯನ್ನು ಗಮನಿಸುವ ಒಂದು ಘಟಕವಾಗಿ ಇದು ಪ್ರಾರಂಭವಾಯಿತು. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿ, ಬಿದ್ದ ಮಳೆಯ ಲೆಕ್ಕವನ್ನು ಹಗಲು ರಾತ್ರಿ ತರಿಸಿಕೊಳ್ಳುತ್ತಿದೆ. ಇದರ 'ವರುಣ ಮಿತ್ರ' ಸಹಾಯವಾಣಿಗೆ ಫೋನು ಮಾಡಿ ನಿಮ್ಮ ಹೋಬಳಿಯ ಮಳೆಯ ವಿಚಾರ ಕೇಳಬಹುದು. ಸಂಖ್ಯೆಯನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಬರೆದುಕೊಳ್ಳಿರಿ.

ನದಿಯ ನೀರಿನ ಸುದ್ದಿ ಹೊರಡುವುದು ಅಣೆಕಟ್ಟಿನಿಂದ. ಒಳಹರಿವು ಏರಿದಾಗ ಎಷ್ಟು ನೀರು, ಯಾವ ಹೊತ್ತಿಗೆ ಹೊರಬಿಡಬೇಕೆಂದು ಅಲ್ಲಿನ ಇಂಜಿನಿಯರರು ನಿರ್ಧರಿಸಿ ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸುತ್ತಾರೆ. ಅಲ್ಲಿಂದ ತಹಶೀಲ್ದಾರರಿಗೆ, ಪೊಲೀಸರಿಗೆ, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಗ್ರಾಮ ಆಡಳಿತಾಧಿಕಾರಿಗೆ, ಕೊನೆಗೆ ಡಂಗುರ ಹೊಡೆಯುವವನಿಗೆ ಸುದ್ದಿ ಇಳಿಯುತ್ತದೆ. ಒಂದೊಂದು ಮೆಟ್ಟಿಲಿನಲ್ಲಿಯೂ ಕಾಲು ಗಂಟೆ ತಡವಾದರೆ ಒಂದು ಗಂಟೆಗೂ ಮಿಕ್ಕಿ ಕಳೆದುಹೋಗುತ್ತದೆ. ರಾತ್ರಿಯಾದರೆ ಇನ್ನೂ ಹೆಚ್ಚು. ಈ ಮೆಟ್ಟಿಲುಗಳನ್ನು ದಾಟಿ ನೇರವಾಗಿ ಜನರಿಗೆ ತಿಳಿಸಲೆಂದೇ ಮೊಬೈಲಿನ ಏರ್ಪಾಡು ಬಂದಿರುವುದು.

ಮೊಬೈಲಿಗೆ ಬರುವ ಎರಡು ಬಗೆ

ಮೊದಲನೆಯದು ಸಾಮಾನ್ಯ ಸಂದೇಶ, ಅಂದರೆ ಎಸ್ಸೆಮ್ಮೆಸ್. ಅಂಚೆಯವನು ಮನೆಮನೆಗೆ ಕಾಗದ ಹಂಚಿದ ಹಾಗೆ ಇದು ಒಂದೊಂದೇ ಸಂಖ್ಯೆಗೆ ಹೋಗುತ್ತದೆ. ಲಕ್ಷಾಂತರ ಜನರಿಗೆ ಒಮ್ಮೆಲೇ ಕಳುಹಿಸುವಾಗ ದಾರಿ ತುಂಬಿ ತಡವಾಗಬಹುದು.

ಎರಡನೆಯದು ಸೆಲ್ ಬ್ರಾಡ್‌ಕಾಸ್ಟ್. ಇದು ಚಾವಡಿಯ ಮೇಲೆ ನಿಂತು ಮೈಕಿನಲ್ಲಿ ಸಾರಿದ ಹಾಗೆ. ಟವರಿನಿಂದ ಹೊರಟ ಸಂದೇಶ ಆ ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಏಕಕಾಲಕ್ಕೆ ಬರುತ್ತದೆ. ನಿಮ್ಮ ಸಂಖ್ಯೆ ಯಾರ ಬಳಿಯೂ ಇರಬೇಕಾಗಿಲ್ಲ. ಬೇರೆ ಜಿಲ್ಲೆಯಿಂದ ಕುರಿ ಮೇಯಿಸಲು ಬಂದವರ ಫೋನೂ ಕೂಗುತ್ತದೆ. ದೊಡ್ಡ ಸದ್ದಿನೊಡನೆ ಬರುವ ಈ ಸಂದೇಶವನ್ನು ನೀವು ಮುಟ್ಟಿ ಮುಚ್ಚುವವರೆಗೂ ಅದು ಪರದೆಯ ಮೇಲೆ ನಿಂತಿರುತ್ತದೆ. ಕರ್ನಾಟಕದಲ್ಲಿ 2023ರ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆಯವರು ಇದರ ಪರೀಕ್ಷೆ ನಡೆಸಿದಾಗ ಫೋನು ಇದ್ದಕ್ಕಿದ್ದಂತೆ ಕೂಗಿ ಹಲವರು ಗಾಬರಿಗೊಂಡದ್ದು ನಿಮಗೆ ನೆನಪಿರಬಹುದು.

ಇದಕ್ಕೂ ಮಿತಿಯುಂಟು. ಹಳೆಯ ಗುಂಡಿಯ ಫೋನುಗಳೆಲ್ಲ ಇದನ್ನು ಹಿಡಿಯಲಾರವು. ಚಾರ್ಜು ಮುಗಿದ ಫೋನು, ಟವರು ಸಿಗದ ತಗ್ಗಿನ ಹೊಲ, ಮಳೆಗಾಳಿಗೆ ಕರೆಂಟು ಹೋಗಿ ನಿಂತ ಟವರು, ಇಲ್ಲೆಲ್ಲ ಅದು ಮೂಕ. ಹೊಸ ಫೋನುಗಳಲ್ಲಿ ತುರ್ತು ಎಚ್ಚರಿಕೆಯನ್ನು ಮುಚ್ಚಿಡುವ ಅನುಕೂಲವೂ ಇರುತ್ತದೆ. ಮಕ್ಕಳು ಆಟವಾಡುವಾಗ ಅದನ್ನು ಮುಚ್ಚಿಟ್ಟಿದ್ದಾರೆಯೇ ಎಂದು ತಿಳಿದವರಿಂದ ಒಮ್ಮೆ ನೋಡಿಸಿರಿ.

ಒಡಿಶಾದ ಉದಾಹರಣೆ

1999ರ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಗೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. ಚಂಡಮಾರುತ ಬರುತ್ತಿದೆ ಎಂಬುದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಸುದ್ದಿ ಹಳ್ಳಿಯ ಕಟ್ಟಕಡೆಯ ಮನೆಗೆ ಮುಟ್ಟಲಿಲ್ಲ, ಮುಟ್ಟಿದವರಿಗೂ ಹೋಗಿ ನಿಲ್ಲಲು ಸಾಕಷ್ಟು ಗಟ್ಟಿ ಜಾಗವಿರಲಿಲ್ಲ.

ಆ ರಾಜ್ಯದವರು ಸುಮ್ಮನೆ ಕೂರಲಿಲ್ಲ. ಕರಾವಳಿಯುದ್ದಕ್ಕೂ ಚಂಡಮಾರುತ ತಡೆಯುವ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಊರೂರಿನಲ್ಲಿ ಸ್ವಯಂಸೇವಕರನ್ನು ತರಬೇತು ಮಾಡಿದರು. 2018ರಲ್ಲಿ ಆರು ಕರಾವಳಿ ಜಿಲ್ಲೆಗಳಲ್ಲಿ 122 ಎಚ್ಚರಿಕೆ ಗೋಪುರಗಳನ್ನು ನಿಲ್ಲಿಸಿ, ಒಂದೇ ಕಡೆಯಿಂದ ಸೈರನ್ ಊದುವ ಏರ್ಪಾಡು ಮಾಡಿದರು. 2019ರ ಮೇ 3ರಂದು 'ಫಾನಿ' ಚಂಡಮಾರುತ ಬಂದಾಗ ಸುಮಾರು 26 ಲಕ್ಷ ಮೊಬೈಲ್ ಸಂದೇಶಗಳು ಹೋದವು, ಸುಮಾರು 43,000 ಸ್ವಯಂಸೇವಕರು ಮನೆಮನೆಗೆ ಹೋದರು. ಹನ್ನೆರಡು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಲಾಯಿತು. ಮನೆ, ತೆಂಗು, ಬೆಳೆಗಳಿಗೆ ಅಪಾರ ಹಾನಿಯಾಯಿತು. ಆದರೆ ಸತ್ತವರ ಸಂಖ್ಯೆ ನೂರರೊಳಗೆ ಉಳಿಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಿರಿ. ಇಪ್ಪತ್ತಾರು ಲಕ್ಷ ಸಂದೇಶ ಹೋದ ಮೇಲೆಯೂ ಮನೆಮನೆಗೆ ಹೋಗಲು ನಲವತ್ತಮೂರು ಸಾವಿರ ಜನ ಬೇಕಾದರು. ಯಂತ್ರ ಕೂಗಿ ಹೇಳುತ್ತದೆ. ಆದರೆ ಮುದುಕಿಯ ಕೈ ಹಿಡಿದು ಎಬ್ಬಿಸಲು ಮನುಷ್ಯನೇ ಬೇಕು.

ತುಂಗಭದ್ರೆಯ 19ನೇ ಗೇಟು

ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳಿರಿ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ ಕಾಲ. ಆ ಒಂದು ಗೇಟಿನ ಮೇಲೆ ಬೀಳುವ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರನ್ನು ನದಿಗೆ ಬಿಡಬೇಕಾಯಿತು. ನದಿ ತೀರದ ಊರುಗಳಿಗೆ ಎಚ್ಚರಿಕೆ ಕೊಡಲಾಯಿತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಿದ ತಜ್ಞರ ಮತ್ತು ಕಾರ್ಮಿಕರ ಸಾಹಸವನ್ನು ನೀವು ಓದಿದ್ದೀರಿ.

ನಮಗೆ ಬೇಕಾದ ಪಾಠ ಬೇರೆಯದು. ಮಳೆಯಿಂದ ಬರುವ ನೆರೆಗೆ ಒಂದೆರಡು ದಿನದ ಸೂಚನೆ ಸಿಗಬಹುದು. ಗೇಟು ಮುರಿದರೆ ಸಿಗುವುದು ಕೆಲವೇ ತಾಸು, ಅದೂ ಮಧ್ಯರಾತ್ರಿಯಲ್ಲಿ. ಆ ಹೊತ್ತಿನಲ್ಲಿ ಯಾರು ಯಾರನ್ನು ಎಬ್ಬಿಸಬೇಕೆಂದು ಯೋಚಿಸುತ್ತ ಕೂರಲು ಸಮಯವಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು.

ಅಂಕಿ ಮತ್ತು ಬಣ್ಣಗಳ ಅರ್ಥ

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು ನೀರು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಎಂಟೂವರೆ ಟಿ.ಎಂ.ಸಿ.ಗೂ ಹೆಚ್ಚಾಗುತ್ತದೆ. ಆದರೆ ಈ ಲೆಕ್ಕಕ್ಕಿಂತ ನಿಮಗೆ ಹೆಚ್ಚು ಉಪಯೋಗವಾಗುವುದು ನಿಮ್ಮ ಊರಿನ ಅನುಭವ. 2009ರ ಅಕ್ಟೋಬರಿನ ನೆರೆಯಲ್ಲಿ, 2019ರ ಆಗಸ್ಟಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರು ಬಲ್ಲರು. ಎಷ್ಟು ಕ್ಯೂಸೆಕ್ ಬಿಟ್ಟಾಗ ಸೇತುವೆ ಮುಳುಗಿತು, ಎಷ್ಟು ಬಿಟ್ಟಾಗ ಹನುಮಪ್ಪನ ಗುಡಿಯ ಮೆಟ್ಟಿಲಿಗೆ ನೀರು ಬಂತು ಎಂಬುದನ್ನು ಕಚೇರಿಯಿಂದ ಕೇಳಿ ತಿಳಿದು, ಗುಡಿಯ ಅಥವಾ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಬರೆಸಿರಿ. ಮುಂದೆ "ಎರಡು ಲಕ್ಷ ಬಿಡುತ್ತಾರಂತೆ" ಎಂದೊಡನೆ ಶಾಲೆಯ ಹುಡುಗನೂ ನೀರು ಎಲ್ಲಿಗೆ ಬರುವುದೆಂದು ತೋರಿಸಬಲ್ಲನು.

ಹವಾಮಾನ ಇಲಾಖೆಯು ನಾಲ್ಕು ಬಣ್ಣಗಳನ್ನು ಬಳಸುತ್ತದೆ. ಹಸಿರು ಎಂದರೆ ಎಚ್ಚರಿಕೆಯೇನೂ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕಾರ್ಯಕ್ಕೆ ಇಳಿಯಿರಿ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ 'ಭಾರಿ ಮಳೆ', 115.6ಕ್ಕೆ 'ಅತಿ ಭಾರಿ', 204.4 ದಾಟಿದರೆ 'ಅತ್ಯಂತ ಭಾರಿ' ಎಂದು ಕರೆಯುತ್ತಾರೆ. ಹಳದಿ ಎಂದಿರುವಾಗಲೇ ಯೂರಿಯ ಹಾಕುವುದನ್ನು, ಔಷಧಿ ಸಿಂಪಡಿಸುವುದನ್ನು ಮುಂದೂಡಿದರೆ ಹಣವೂ ಉಳಿಯುತ್ತದೆ. ಕೊಯ್ದ ಹೆಸರು, ಉದ್ದನ್ನು ಒಳಗೆ ಹಾಕಿಕೊಳ್ಳುವುದಕ್ಕೂ ಇದೇ ಸಮಯ.

ಸಿಡಿಲಿಗೆ ಅರ್ಧ ಗಂಟೆಯ ಲೆಕ್ಕ

ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಹೊಲದಲ್ಲಿದ್ದವರು, ದನಕರು ಮೇಯಿಸುತ್ತಿದ್ದವರು ಬಹಳ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ಅಪ್ಲಿಕೇಶನ್ ನೀವು ನಿಂತ ಜಾಗದ 20 ಮತ್ತು 40 ಕಿ.ಮೀ. ಸುತ್ತಳತೆಯಲ್ಲಿ ಸಿಡಿಲಿನ ಸಂಭವವನ್ನು ತಿಳಿಸುತ್ತದೆ. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಸೂಚನೆಯನ್ನೂ ಹೊರಡಿಸುತ್ತದೆ.

ಫೋನಿಲ್ಲದವರಿಗೆ ಕಣ್ಣು ಕಿವಿಗಳೇ ಸಾಕು. ಮಿಂಚು ಕಂಡ ಕೂಡಲೇ ಎಣಿಸಲು ತೊಡಗಿರಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗೆ ಇದೆ. ಕೂಡಲೇ ಗಟ್ಟಿ ಮನೆಯೊಳಗೆ ಸೇರಿರಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿರಿ, ದನಗಳನ್ನೂ ಅಲ್ಲಿ ಕಟ್ಟಬೇಡಿರಿ. ತಂತಿ ಬೇಲಿ ಮತ್ತು ಮೋಟಾರಿನ ಸ್ಟಾರ್ಟರನ್ನು ಮುಟ್ಟಬೇಡಿರಿ.

ಊರಿನ ಏರ್ಪಾಡು ಹೇಗಿರಬೇಕು?

ದೊಡ್ಡ ಖರ್ಚೇನೂ ಬೇಡ. ಒಂದು ಸಂಜೆ ಚಾವಡಿಯಲ್ಲಿ ಕೂಡಿ ಈ ಕೆಳಗಿನ ವಿಷಯಗಳನ್ನು ತೀರ್ಮಾನಿಸಿದರೆ ಸಾಕು.

1. ಎಚ್ಚರಿಕೆಯ ಸಂದೇಶ ಬಂದರೆ ಊರಿಗೆ ಸಾರಲು ಇಬ್ಬರನ್ನು ಗೊತ್ತುಮಾಡಿರಿ. ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಇರಬೇಕು.

2. ಹತ್ತು ಹದಿನೈದು ಮನೆಗೆ ಒಬ್ಬ ಯುವಕ ಅಥವಾ ಸ್ತ್ರೀಶಕ್ತಿ ಸಂಘದ ಒಬ್ಬ ಸದಸ್ಯೆ ಹೊಣೆ ಹೊರಲಿ. ಆ ಮನೆಗಳಲ್ಲಿ ಕಿವಿ ಕೇಳದವರು, ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು ಯಾರೆಂದು ಅವರಿಗೆ ತಿಳಿದಿರಬೇಕು.

3. ತೋಟದ ಮನೆಗಳು, ನಡುಗಡ್ಡೆ, ಕುರಿಹಟ್ಟಿ, ಇಟ್ಟಿಗೆ ಭಟ್ಟಿ, ಮೀನುಗಾರರ ಗುಡಿಸಲು ಇವನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ. ಗುಡಿಯ ಮೈಕು ಇಲ್ಲಿಗೆ ಕೇಳಿಸದು. ಹೋಗಿ ಹೇಳುವವರ ಹೆಸರನ್ನು ಅದರ ಮುಂದೆಯೇ ಬರೆಯಿರಿ.

4. ಮೈಕಿಗೆ ಕರೆಂಟು ಬೇಕು, ಹಲಗೆಗೆ ಬೇಡ. ಡಂಗುರದ ಪದ್ಧತಿಯನ್ನು ಬಿಡಬೇಡಿರಿ. ನೆರೆಗೆ ಒಂದು ಬಗೆ, ಬೆಂಕಿಗೆ ಒಂದು ಬಗೆ ಎಂದು ಬಡಿತವನ್ನು ಗೊತ್ತುಮಾಡಿಕೊಳ್ಳಿರಿ.

5. ಬೆಳಿಗ್ಗೆ ಸಂಜೆ ಹಾಲಿನ ಡೇರಿಗೆ ಬಹಳಷ್ಟು ಮನೆಯವರು ಬರುತ್ತಾರೆ. ಅಲ್ಲಿ ಒಂದು ಕರಿಹಲಗೆ ಹಾಕಿ ಆ ದಿನದ ಬಣ್ಣ, ನದಿಗೆ ಬಿಟ್ಟ ನೀರಿನ ಪ್ರಮಾಣ ಬರೆಯಿರಿ. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯನ್ನೂ ಅಲ್ಲಿ ಬರೆಯಬಹುದು.

6. ಮುಂಗಾರಿಗೆ ಮೊದಲು ಒಮ್ಮೆ ಎಲ್ಲರಿಗೂ ತಿಳಿಸಿ ಪರೀಕ್ಷೆ ಮಾಡಿರಿ. ಕಟ್ಟಕಡೆಯ ಮನೆಗೆ ಸುದ್ದಿ ಮುಟ್ಟಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿರಿ.

ಸುದ್ದಿ ಬಂದ ಕೂಡಲೇ

ಮೊದಲು ಜನ, ನಂತರ ಜಾನುವಾರು, ಕೊನೆಗೆ ಸಾಮಾನು. ಈ ಕ್ರಮ ತಪ್ಪಬಾರದು. ದನಗಳನ್ನು ಎತ್ತರದ ಜಾಗಕ್ಕೆ ಹೊಡೆಯಿರಿ. ಸಮಯವಿಲ್ಲದಿದ್ದರೆ ಕಣ್ಣಿ ಬಿಚ್ಚಿಬಿಡಿರಿ. ಬಿಚ್ಚಿದ ದನ ಈಜಿ ದಡ ಸೇರೀತು, ಕಟ್ಟಿದ ದನ ಉಳಿಯದು. ಮೋಟಾರನ್ನು ಮೇಲೆತ್ತುವುದು ಮುನ್ಸೂಚನೆ ಬಂದ ದಿನದ ಕೆಲಸ. ನೀರು ಏರುತ್ತಿರುವಾಗ ಹೊಳೆಗೆ ಇಳಿಯುವುದು ಸಲ್ಲದು. ಮುಖ್ಯ ಸ್ವಿಚ್ಚು ಆರಿಸದೆ ಮೋಟಾರಿಗೆ ಕೈ ಹಚ್ಚಬೇಡಿರಿ. ಬಿತ್ತನೆ ಬೀಜ, ಗೊಬ್ಬರವನ್ನು ಅಟ್ಟಕ್ಕೆ ಏರಿಸಿರಿ. ಕೀಟನಾಶಕದ ಡಬ್ಬಿಗಳು ನೀರಿಗೆ ಸೇರದಂತೆ ನೋಡಿಕೊಳ್ಳಿರಿ. ಪಾಸ್‌ಬುಕ್ಕು, ಆಧಾರ್ ಮತ್ತು ಜಮೀನಿನ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಮುಳುಗಿದ ಸೇತುವೆಯ ಮೇಲೆ ಎತ್ತಿನ ಗಾಡಿಯನ್ನಾಗಲಿ, ಟ್ರ್ಯಾಕ್ಟರನ್ನಾಗಲಿ ಇಳಿಸುವ ಧೈರ್ಯ ಬೇಡ.

ತುರ್ತು ನೆರವಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಈ ಎರಡು ಸಂಖ್ಯೆಗಳನ್ನು ಬಾಗಿಲ ಹಿಂದೆ ಬರೆದಿಡಿರಿ.

ಗಾಳಿಸುದ್ದಿ ಮತ್ತು ಹುಸಿ ಎಚ್ಚರಿಕೆ

"ಡ್ಯಾಮ್ ಒಡೆಯಿತಂತೆ" ಎಂಬ ವಾಟ್ಸಾಪ್ ಮಾತನ್ನು ನಂಬಿ ಓಡಬೇಡಿರಿ, ಇನ್ನೊಬ್ಬರಿಗೆ ಕಳುಹಿಸಲೂ ಬೇಡಿರಿ. ಯಾರು ಹೇಳಿದರು, ಯಾವ ಊರಿಗೆ, ಎಷ್ಟು ಹೊತ್ತಿಗೆ, ಏನು ಮಾಡಬೇಕು ಎಂಬ ನಾಲ್ಕು ವಿಷಯ ಒಳ್ಳೆಯ ಎಚ್ಚರಿಕೆಯಲ್ಲಿ ಇರುತ್ತವೆ. ಇಲ್ಲದಿದ್ದರೆ 1077ಕ್ಕೆ ಕೇಳಿರಿ.

ಇನ್ನೊಂದು ಮಾತು. ಎಚ್ಚರಿಕೆ ಬಂದೂ ನೀರು ಬಾರದಿದ್ದರೆ 'ತೋಳ ಬಂತು ತೋಳ' ಕಥೆಯಾಯಿತೆಂದು ಬೇಸರಪಡುವವರುಂಟು. ಕಥೆಯ ಹುಡುಗ ಬೇಕೆಂದೇ ಸುಳ್ಳು ಹೇಳಿದ. ಮೋಡ ಮತ್ತು ನದಿಯ ಲೆಕ್ಕ ಅಂಥದ್ದಲ್ಲ. ಹತ್ತು ಸಲ ಮೋಟಾರು ಎತ್ತಿಟ್ಟು ಇಳಿಸಿದರೆ ಹತ್ತು ದಿನದ ಕೂಲಿ ಹೋದೀತು. ಹನ್ನೊಂದನೆಯ ಸಲ ಎತ್ತದಿದ್ದರೆ ಮೋಟಾರೇ ಹೋದೀತು. ಮನೆಯ ಜನರ ವಿಷಯದಲ್ಲಂತೂ ಈ ಲೆಕ್ಕವನ್ನೇ ಹಾಕಬಾರದು.

ಈ ಪುಟವನ್ನು ವಾಚನಾಲಯದಲ್ಲಿ ಓದಿದವರು ಓದಲು ಬಾರದವರಿಗೆ ಓದಿ ಹೇಳಿರಿ. ಹೊಳೆಯಾಚೆಯ ತೋಟದ ಮನೆಗೆ ಹೋಗಿ ಹೇಳುವವರು ಯಾರೆಂದು ಇಂದು ಸಂಜೆಯೇ ನಿಶ್ಚಯಿಸಿರಿ.