ಕಾಣದ ಲೋಕದ ನಂಬಿಕೆ

ರಾಯಚೂರು ಸೀಮೆಯ ಜನರಿಗೆ ಕಾಣದ ಲೋಕದ ಮಾತು ಹೊಸದಲ್ಲ. ಮಸ್ಕಿಯಲ್ಲಿ ೧೯೧೫ನೆಯ ಇಸವಿಯಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರಿಗೆ ದೊರೆತ ಬಂಡೆಯ ಶಾಸನವು ಅಶೋಕನ ಹೆಸರನ್ನೇ ಹೇಳಿದ್ದರಿಂದ ಲೋಕಪ್ರಸಿದ್ಧವಾಯಿತು. ಆದರೆ ಮೊದಲು ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿರುವರೆಂದು ಅದೇ ಶಾಸನವು ಸಾರುವುದನ್ನು ಬಹುಮಂದಿ ಗಮನಿಸುವುದಿಲ್ಲ. ಅದು ಬೌದ್ಧರಾಜನ ಮಾತು. ಅದರ ಅರ್ಥದ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ.

ಕ್ರೈಸ್ತರ ನಂಬಿಕೆಯು ಇಲ್ಲಿಗೆ ಬಂದದ್ದು ಬಹುಕಾಲದ ಮೇಲೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿದ ದೇವಾಲಯವು ೧೫೫೭ಕ್ಕೂ ಹಿಂದಿನದೆಂದು ಹಳೆಯ ಗೆಜೆಟಿಯರು ಹೇಳುವುದು. ಆ ಕೋಟೆಗಾಗಿ ವಿಜಯನಗರವೂ ಬಿಜಾಪುರವೂ ಕಾದಾಡುತ್ತಿದ್ದ ಕಾಲವದು. ಮೊಹರಮ್ಮಿಗೆ ಹೆಸರಾದ ಆ ಊರಿನಲ್ಲಿಯೇ ಕಥೋಲಿಕ ಮನೆತನಗಳೂ ಬೇರೂರಿದುವು.

ಕಾಣುವುದನ್ನೂ ಕಾಣದಿರುವುದನ್ನೂ ಸೃಷ್ಟಿಸಿದವನು ಒಬ್ಬನೇ ದೇವರೆಂಬುದು ಕ್ರೈಸ್ತಮತದ ಮೂಲವಚನ. ಇದನ್ನು ಕನ್ನಡದಲ್ಲಿ ಹೇಳುವುದು ಸುಲಭವಾಗಿರಲಿಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪಾದ್ರಿಯವರೂ ಅವರ ಜತೆಗಾರರೂ ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದು ಮುಗಿಸಿದ್ದು ೧೮೩೧ರಲ್ಲಿ. ಕನ್ನಡ ಬೈಬಲಿನಲ್ಲಿ ದೇವರಾತ್ಮನು ಪವಿತ್ರಾತ್ಮನು, ಆತನ ಸೇವಕರು ದೇವದೂತರು. ಮನುಷ್ಯನನ್ನು ಹಿಡಿದು ಬಾಧಿಸುವುದು ಮಾತ್ರ ದೆವ್ವ. ನಮ್ಮ ಅಜ್ಜಿಯರು ಹುಣಿಸೆಯ ಮರದಲ್ಲಿ ಉಂಟೆಂದು ಅಂಜುತ್ತಿದ್ದ ಅದೇ ದೆವ್ವ!

ಹೆಸರು ಅದೇ ಉಳಿದರೂ ಮನೆಯ ನಡತೆ ಬೇರೆಯಾಗಬೇಕಾಗುವುದು. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳ ನಡುವಣ ಊರೊಂದರಲ್ಲಿ ಮಗುವಿಗೆ ರಾತ್ರಿ ಜ್ವರವೇರಿತೆನ್ನೋಣ. “ಗಾಳಿ ಸೋಕಿದೆ ಕಣವ್ವಾ” ಎಂದು ನೆರೆಯವಳು ಹೇಳಿದರೆ ಕ್ರೈಸ್ತ ತಾಯಿಯೂ ನಡುಗದಿರುವಳೆ? ದೆವ್ವವೇ ಇಲ್ಲವೆಂದು ಅವಳ ಶಾಸ್ತ್ರವು ಹೇಳುವುದಿಲ್ಲ. ಯೇಸುವು ದೆವ್ವ ಬಿಡಿಸಿದ ಕಥೆಗಳು ಸುವಾರ್ತೆಗಳಲ್ಲಿಯೇ ಇವೆ. ಅದಕ್ಕೆ ಎಡೆಯಿಡಬೇಡ, ಹರಕೆ ಹೊರಬೇಡ, ದೇವರನ್ನು ಬೇಡಿಕೋ ಎಂದಷ್ಟೇ ಹೇಳುವುದು. ಪ್ರಾರ್ಥನೆಯೊಂದೇ ಸಾಕೆಂದು ವೈದ್ಯರನ್ನು ಕರೆಯದೆ ಬೆಳಗುಮಾಡುವವರೂ ಉಂಟು. ಇದು ಭಕ್ತಿಯಲ್ಲ, ಮಗುವಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಸುವಾರ್ತೆಯನ್ನು ಬರೆದ ಲೂಕನೇ ವೈದ್ಯನೆಂದು ಸಭೆಯ ಸಂಪ್ರದಾಯವಿರುವಾಗ, ರಕ್ತಪರೀಕ್ಷೆ ಮಾಡಿಸಲು ಸಂಕೋಚವೇಕೆ?

ಮರಣದ ವಿಷಯವು ಇನ್ನೂ ಸೂಕ್ಷ್ಮವಾದುದು. ಕಥೋಲಿಕರು ನವೆಂಬರ್ ೨ರಂದು ಸಕಲ ಮೃತರನ್ನು ಸ್ಮರಿಸಿ, ಅವರ ಆತ್ಮಗಳಿಗಾಗಿ ಪೂಜೆಯರ್ಪಿಸುವರು. ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವರು. ಪ್ರಾಟೆಸ್ಟಂಟರಲ್ಲಿ ಬಹುಮಂದಿ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಒಂದೇ ಬಳಗದಲ್ಲಿ ಎರಡು ಸಭೆಯವರೂ ಇದ್ದರೆ ಮಣ್ಣು ಕೊಟ್ಟ ಮರುದಿನವೇ ಪ್ರಶ್ನೆಯೇಳುವುದು: ಹೋದ ಮಗಳಿಗಾಗಿ ತಾಯಿಯು ಇನ್ನೇನಾದರೂ ಮಾಡಬಹುದೆ? ಮಾಡಬಹುದೆಂದು ಒಬ್ಬರು ಜಪಸರ ಹಿಡಿಯುವರು; ದೇವರು ನೋಡಿಕೊಂಡಿದ್ದಾನೆ, ಸುಮ್ಮನಿರಮ್ಮಾ ಎಂದು ಇನ್ನೊಬ್ಬರು ಕೈಹಿಡಿಯುವರು. ಯಾವುದು ಆ ತಾಯಿಗೆ ಹೆಚ್ಚು ಸಮಾಧಾನವೆಂಬುದನ್ನು ಹೊರಗಿನವರು ಹೇಳಲಾಗದು.

ಪುನರುತ್ಥಾನವನ್ನಂತೂ ಇಬ್ಬರೂ ನಂಬುವರು. ಹೂಳುವುದು ಈ ಸೀಮೆಯಲ್ಲಿ ಕ್ರೈಸ್ತರೊಬ್ಬರ ಪದ್ಧತಿಯೂ ಅಲ್ಲ. ವೀರಶೈವರು ತಮ್ಮವರನ್ನು ಧ್ಯಾನಕ್ಕೆ ಕುಳಿತಂತೆ ಕೂರಿಸಿ ಹೂಳುವರು. ಕ್ರೈಸ್ತರು ನಿದ್ರೆಹೋದವರಂತೆ ಮಲಗಿಸುವರು.