ಉಬ್ಬಸದ ಇನ್ಹೇಲರ್: ಸರಿಯಾಗಿ ಬಳಸುವುದು ಹೇಗೆ?

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಅಸ್ತಮಾ ರೋಗಿಗಳು ಮತ್ತು ಅವರ ಮನೆಯವರ ತಿಳುವಳಿಕೆಗಾಗಿ

ಶರಣರು ಕಾಯಕಕ್ಕೆ ದೊಡ್ಡ ಸ್ಥಾನ ಕೊಟ್ಟರು. ಕಾಯಕ ನಡೆಯಬೇಕಾದರೆ ಕಾಯ ನೆಟ್ಟಗಿರಬೇಕು, ಕಾಯ ನೆಟ್ಟಗಿರಲು ಉಸಿರು ಸರಾಗವಾಗಿರಬೇಕು. ಉಬ್ಬಸ ಬಂದವನಿಗೆ ಗದ್ದೆಯ ಕೆಲಸವೂ ಇಲ್ಲ, ದೋಣಿಯ ಕೆಲಸವೂ ಇಲ್ಲ, ರಾತ್ರಿಯ ನಿದ್ದೆಯೂ ಇಲ್ಲ. ಆದರೆ ಅಸ್ತಮಾ ಹತೋಟಿಗೆ ಬಾರದ ಕಾಯಿಲೆಯೇನೂ ಅಲ್ಲ. ಕ್ರಮವಾಗಿ ಔಷಧಿ ತೆಗೆದುಕೊಂಡರೆ ಬಹುಪಾಲು ರೋಗಿಗಳು ಎಲ್ಲರಂತೆ ದುಡಿದು ಬಾಳಬಹುದು. ಹಾಗಿದ್ದೂ ಜಗತ್ತಿನ ಅಸ್ತಮಾ ಸಾವುಗಳಲ್ಲಿ ಶೇ. 40ಕ್ಕೂ ಹೆಚ್ಚು ನಮ್ಮ ದೇಶದಲ್ಲೇ ಆಗುತ್ತಿವೆ ಎಂಬುದು ಜಾಗತಿಕ ರೋಗಭಾರ ಅಧ್ಯಯನದ 2019ರ ಅಂದಾಜು. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಉಬ್ಬಸ ಬಂದಾಗ ಮಾತ್ರ ಔಷಧಿ ಎಳೆದು ಉಳಿದ ದಿನ ಸುಮ್ಮನಿರುವುದು. ಈ ಕೈಪಿಡಿಯ ಮುಖ್ಯ ಮಾತು ಇದೇ.

ಅಸ್ತಮಾ ಎಂದರೇನು?

ನಮ್ಮ ಕಡೆ ಇದನ್ನು ಉಬ್ಬಸ, ಗೂರಲು, ದಮ್ಮು ಎಂದೆಲ್ಲ ಕರೆಯುತ್ತಾರೆ. ಮೂಗಿನಿಂದ ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಶ್ವಾಸನಾಳಗಳು ಮರದ ಕೊಂಬೆಗಳಂತೆ ಕವಲೊಡೆದಿರುತ್ತವೆ. ಅಸ್ತಮಾ ಇರುವವರಲ್ಲಿ ಈ ನಾಳಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ದೂಳು, ಹೊಗೆ, ಚಳಿ ಅಥವಾ ನೆಗಡಿ ತಾಗಿದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಊತ ಹೆಚ್ಚುತ್ತದೆ, ಕಫ ತುಂಬುತ್ತದೆ. ದಾರಿ ಕಿರಿದಾದಾಗ ಎದೆಯಲ್ಲಿ ಸುಂಯ್‌ಗುಟ್ಟುವ ಶಬ್ದ, ಕೆಮ್ಮು, ಏದುಸಿರು ಕಾಣಿಸುತ್ತವೆ. ಬೆಳಗಿನ ಜಾವದಲ್ಲಿ ಇದು ಹೆಚ್ಚು.

ಇಲ್ಲಿ ಒಂದು ವಿಷಯ ಗಮನಿಸಿ. ಸ್ನಾಯುವಿನ ಬಿಗಿತ ಬಂದು ಹೋಗುತ್ತದೆ. ಒಳಗಿನ ಊತ ಉಬ್ಬಸವಿಲ್ಲದ ದಿನವೂ ಇರುತ್ತದೆ.

ಮಾತ್ರೆ ಸಾಲದೆ, ಇನ್ಹೇಲರ್ ಏಕೆ?

ಲೆಕ್ಕ ನೋಡಿ. ಸಾಲ್ಬುಟಮಾಲ್ ಎಂಬ ಔಷಧಿಯ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ ಇರುತ್ತದೆ. ಇನ್ಹೇಲರನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ ಮಾತ್ರ. ಒಂದು ಮಾತ್ರೆಯೆಂದರೆ 40 ಸಲ ಒತ್ತಿದಷ್ಟು ಔಷಧಿ! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಇಡೀ ಮೈಯೆಲ್ಲ ಸುತ್ತಿ ಕೊನೆಗೆ ಶ್ವಾಸನಾಳಕ್ಕೆ ತಲುಪುತ್ತದೆ. ಇನ್ಹೇಲರಿನ ಔಷಧಿ ನೇರವಾಗಿ ನೋವಿದ್ದಲ್ಲಿಗೇ ಹೋಗುತ್ತದೆ. ಆದ್ದರಿಂದ ಗುಣ ಬೇಗ, ಅಡ್ಡಪರಿಣಾಮ ಕಡಿಮೆ. ‘ಇನ್ಹೇಲರ್ ಕೊನೆಯ ಔಷಧಿ’ ಎಂಬ ಮಾತು ತಪ್ಪು. ಅದೇ ಮೊದಲನೆಯ ಔಷಧಿ.

ಎರಡು ಬಗೆಯ ಇನ್ಹೇಲರ್

1. ಉಪಶಮನದ ಇನ್ಹೇಲರ್: ಇದರಲ್ಲಿ ಸಾಲ್ಬುಟಮಾಲ್ ಅಥವಾ ಅದೇ ಜಾತಿಯ ಔಷಧಿ ಇರುತ್ತದೆ. ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಉಸಿರು ಹಗುರಾಗುತ್ತದೆ, ಪರಿಣಾಮ ಸುಮಾರು 4ರಿಂದ 6 ಗಂಟೆ ಇರುತ್ತದೆ. ಹೆಚ್ಚಿನವರು ‘ನೀಲಿ ಪಂಪ್’ ಎಂದು ಕರೆಯುವುದು ಇದನ್ನೇ. ಆದರೆ ಬಣ್ಣವನ್ನು ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆಯಾಗುತ್ತದೆ. ಡಬ್ಬಿಯ ಮೇಲಿನ ಔಷಧಿಯ ಹೆಸರನ್ನು ಓದಿ, ಓದಲಾಗದವರು ಓದಿಸಿಕೊಳ್ಳಿ.

2. ನಿಯಂತ್ರಣದ ಇನ್ಹೇಲರ್: ಇದರಲ್ಲಿ ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಸೋನ್ ಮುಂತಾದ ಸ್ಟಿರಾಯ್ಡ್ ಔಷಧಿ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಒಳಗಿನ ಊತವನ್ನು ಇಳಿಸುವುದು ಇದರ ಕೆಲಸ. ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಪೂರ್ಣ ಗುಣ ಕಾಣಲು ಕೆಲವು ವಾರ ಬೇಕು. ‘ಇದರಿಂದ ಏನೂ ಆಗಲಿಲ್ಲ’ ಎಂದು ನಾಲ್ಕು ದಿನಕ್ಕೇ ಬಿಡುವವರು ಬಹಳ. ಹಾಗೆ ಬಿಡಬಾರದು.

ಈಗ ಕೆಲವರಿಗೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಇನ್ಹೇಲರನ್ನು ದಿನನಿತ್ಯಕ್ಕೂ ಉಬ್ಬಸ ಬಂದಾಗಲೂ ಬಳಸಲು ವೈದ್ಯರು ಹೇಳುತ್ತಾರೆ. ಹೀಗೆ ಬಳಸಬಹುದಾದ ಜೋಡಿ ಔಷಧಿಗಳು ಕೆಲವೇ. ಆದ್ದರಿಂದ ನಿಮ್ಮ ಇನ್ಹೇಲರ್ ಯಾವ ಬಗೆಯದು, ತುರ್ತಿಗೆ ಯಾವುದನ್ನು ಎಳೆಯಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ನೀಲಿ ಪಂಪನ್ನೇ ನೆಚ್ಚಿದರೆ ಏನಾಗುತ್ತದೆ?

ಮಾಡು ಸೋರುವಾಗ ಅಡಿಯಲ್ಲಿ ಪಾತ್ರೆ ಇಟ್ಟರೆ ನೆಲ ಒದ್ದೆಯಾಗದು, ಸರಿ. ಆದರೆ ಹಂಚು ಸರಿಮಾಡದಿದ್ದರೆ ಒಂದು ದಿನ ಪಕ್ಕಾಸೇ ಲಡ್ಡಾಗಿ ಕೆಳಗೆ ಬರುತ್ತದೆ. ನೀಲಿ ಪಂಪ್ ಆ ಪಾತ್ರೆಯಿದ್ದಂತೆ. ಉಸಿರು ಹಗುರಾದ್ದರಿಂದ ರೋಗಿ ಧೈರ್ಯವಾಗಿರುತ್ತಾನೆ, ಒಳಗೆ ಊತ ಬೆಳೆಯುತ್ತಲೇ ಇರುತ್ತದೆ.

ಇದು ಬರಿಯ ಊಹೆಯಲ್ಲ. ನ್ಯೂಜಿಲೆಂಡಿನಲ್ಲಿ 1976ರಿಂದ ಅಸ್ತಮಾ ಸಾವುಗಳು ಏಕಾಏಕಿ ಏರಿದವು. ಫೆನೊಟೆರಾಲ್ ಎಂಬ ಶ್ವಾಸನಾಳ ಹಿಗ್ಗಿಸುವ ಇನ್ಹೇಲರಿನ ಬಳಕೆಗೂ ಈ ಸಾವುಗಳಿಗೂ ನಂಟಿದೆ ಎಂದು 1989ರಲ್ಲಿ ಅಲ್ಲಿನ ವೈದ್ಯರು ಪ್ರಕಟಿಸಿದರು. ಆ ಔಷಧಿಯ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವುಗಳು ಇಳಿದವು. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ನೀಡುವ ‘ಜಿನಾ’ ಸಂಸ್ಥೆಯು 2019ರಲ್ಲಿ, ದೊಡ್ಡವರು ಹಾಗೂ ಹದಿಹರೆಯದವರಿಗೆ ಸಾಲ್ಬುಟಮಾಲಿನಂಥ ಔಷಧಿ ಒಂದನ್ನೇ ಕೊಡಬಾರದು, ಜೊತೆಗೆ ಸ್ಟಿರಾಯ್ಡ್ ಇನ್ಹೇಲರ್ ಇರಲೇಬೇಕು ಎಂದು ಸಲಹೆ ನೀಡಿತು.

ನಿಮ್ಮ ಲೆಕ್ಕ ನೀವೇ ನೋಡಿಕೊಳ್ಳಿ. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಸಲ ಒತ್ತುವಷ್ಟು ಔಷಧಿ ಇರುತ್ತದೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಸಲ ಒತ್ತಿದರೆ ಅದು ಹೆಚ್ಚುಕಡಿಮೆ ಒಂದು ವರ್ಷ ಬರಬೇಕು. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಖಾಲಿಯಾದರೆ ತೀವ್ರ ಉಬ್ಬಸದ ಅಪಾಯ ಹೆಚ್ಚು. ತಿಂಗಳಿಗೊಂದು ಖಾಲಿಯಾಗುತ್ತಿದ್ದರೆ ಪ್ರಾಣಕ್ಕೇ ಅಪಾಯ. ಅಂಗಡಿಯಿಂದ ಇನ್ನೊಂದು ಡಬ್ಬಿ ತರುವ ಮೊದಲು ವೈದ್ಯರನ್ನು ಕಾಣಿ.

ಹಾಗೆಂದು ಉಬ್ಬಸ ಬಂದಾಗ ನೀಲಿ ಪಂಪ್ ಬಳಸಲು ಹೆದರಬೇಡಿ. ಅದು ಸದಾ ಕಿಸೆಯಲ್ಲಿರಲಿ.

ಬಳಸುವ ಕ್ರಮ

1. ನೆಟ್ಟಗೆ ಕುಳಿತುಕೊಳ್ಳಿ ಅಥವಾ ನಿಂತುಕೊಳ್ಳಿ. ಮುಚ್ಚಳ ತೆಗೆದು ಒಳಗೆ ಕಸವಿದೆಯೇ ನೋಡಿ.
2. ಡಬ್ಬಿಯನ್ನು ಚೆನ್ನಾಗಿ ಕುಲುಕಿಸಿ. ಹೊಸದಾದರೆ ಅಥವಾ ಕೆಲವು ದಿನ ಬಳಸಿರದಿದ್ದರೆ ಮೊದಲು ಎರಡು ಮೂರು ಸಲ ಗಾಳಿಗೆ ಒತ್ತಿ ಬಿಡಿ.
3. ಉಸಿರನ್ನು ಪೂರ್ತಿ ಹೊರಗೆ ಬಿಡಿ.
4. ಇನ್ಹೇಲರಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ.
5. ಬಾಯಿಂದ ನಿಧಾನವಾಗಿ ಉಸಿರೆಳೆಯಲು ಆರಂಭಿಸಿ, ಆಗಲೇ ಒಮ್ಮೆ ಒತ್ತಿ. ಒತ್ತಿದ ಮೇಲೂ ಮೂರರಿಂದ ಐದು ಸೆಕೆಂಡು ಎಳೆಯುತ್ತಲೇ ಇರಿ.
6. ಬಾಯಿ ಮುಚ್ಚಿ ಹತ್ತರವರೆಗೆ ಎಣಿಸುವಷ್ಟು ಹೊತ್ತು ಉಸಿರು ಹಿಡಿಯಿರಿ. ಬಳಿಕ ಮೆಲ್ಲಗೆ ಬಿಡಿ.
7. ಎರಡನೆಯದು ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿಸಿ, ಮೊದಲಿನಿಂದ ಮಾಡಿ.
8. ಸ್ಟಿರಾಯ್ಡ್ ಇನ್ಹೇಲರ್ ಬಳಸಿದ ಮೇಲೆ ನೀರು ಮುಕ್ಕಳಿಸಿ ಉಗುಳಿ. ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣು ಆಗಬಹುದು.

ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಆಗದಿದ್ದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಮಕ್ಕಳು, ವೃದ್ಧರು ಹಾಗೂ ತೀವ್ರ ಉಬ್ಬಸದಲ್ಲಿರುವವರು ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಸೇರಿಸಿಕೊಳ್ಳಬೇಕು. ಒಂದು ಸಲ ಒತ್ತಿ, ಅದರ ಮೂಲಕ ನಾಲ್ಕಾರು ಸಲ ಮೆಲ್ಲಗೆ ಉಸಿರಾಡಿದರೆ ಸಾಕು. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಒರೆಸದೆ ಗಾಳಿಗೆ ಒಣಗಿಸಿ.

ರೋಟಾಹೇಲರಿನಂಥ ಪುಡಿಯ ಸಾಧನದ ಕ್ರಮ ಬೇರೆ. ಅದನ್ನು ರಭಸವಾಗಿ, ಆಳವಾಗಿ ಎಳೆಯಬೇಕು, ಅದರೊಳಗೆ ಉಸಿರು ಬಿಡಬಾರದು. ಕ್ಯಾಪ್ಸೂಲನ್ನು ನುಂಗಬೇಡಿ, ಅದು ಎಳೆಯುವುದಕ್ಕೆ ಮಾತ್ರ. ನಮ್ಮ ಮಳೆಗಾಲದ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ. ಆದ್ದರಿಂದ ಒಣಗಿದ ಕೈಯಲ್ಲಿ, ಬಳಸುವ ಹೊತ್ತಿಗೇ ಸೀಸೆಯಿಂದ ತೆಗೆಯಿರಿ.

ಇನ್ಹೇಲರನ್ನು ಬಿಸಿಲಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ, ಒಲೆಯ ಹತ್ತಿರ ಇಡಬೇಡಿ. ಖಾಲಿ ಡಬ್ಬಿಯನ್ನು ಬಚ್ಚಲ ಒಲೆಗೆ ಎಸೆಯಬೇಡಿ, ಸಿಡಿಯುತ್ತದೆ.

ನಮ್ಮ ಸೀಮೆಯಲ್ಲಿ ಉಬ್ಬಸ ಕೆರಳಿಸುವವು

ಮಳೆ ಹಿಡಿದರೆ ಗೋಡೆ, ಹಾಸಿಗೆ, ಕಪಾಟಿನ ಬಟ್ಟೆಗಳಿಗೆ ಬೂಷ್ಟು ಬರುತ್ತದೆ. ಆಸಾಡಿ ತಿಂಗಳಲ್ಲಿ ಬಿಸಿಲು ಕಂಡ ದಿನವೇ ಹಾಸಿಗೆ, ದಿಂಬು ಹೊರಗೆ ಹಾಕಿ. ಒಳಗೆ ಒದ್ದೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ರೋಗಿ ಮಲಗುವುದು ಬೇಡ. ಬಚ್ಚಲ ಹಂಡೆಯ ಒಲೆ, ತರಗೆಲೆಗೆ ಹಾಕುವ ಬೆಂಕಿ, ಸುಡುಮಣ್ಣು ಇವುಗಳ ಹೊಗೆಯಿಂದ ದೂರವಿರಿ. ಪೂಜೆಯ ಕೋಣೆಗೆ ಕಿಟಕಿ ಇರಲಿ. ಲೋಬಾನ, ಊದುಬತ್ತಿಯ ಹೊಗೆ ತಾಗುವವರು ದೀಪ, ಹೂವು, ಪತ್ರೆಗಳಿಂದಲೇ ಲಿಂಗಪೂಜೆ ಮಾಡಿದರೆ ಭಕ್ತಿಗೇನೂ ಕೊರತೆಯಿಲ್ಲ.

ಅಕ್ಕಿ ಗಿರಣಿ, ಗೇರುಬೀಜದ ಕಾರ್ಖಾನೆ, ಹಂಚಿನ ಕಾರ್ಖಾನೆಗಳಲ್ಲಿ ದುಡಿಯುವವರು, ಬೀಡಿ ಕಟ್ಟುವವರು ತಮ್ಮ ಕೆಲಸ ಏನೆಂದು ವೈದ್ಯರಿಗೆ ತಪ್ಪದೆ ಹೇಳಬೇಕು. ರಜೆಯಲ್ಲಿ ಉಬ್ಬಸ ಇಳಿದು ಕೆಲಸಕ್ಕೆ ಹೋದಾಗ ಏರಿದರೆ ಅದು ಮುಖ್ಯ ಸುಳಿವು. ಬೀಡಿ, ಸಿಗರೇಟು ಸೇದುವ ಮನೆಯಲ್ಲಿ ಮಗುವಿನ ಅಸ್ತಮಾ ಹತೋಟಿಗೆ ಬರುವುದು ಕಷ್ಟ.

ಉಬ್ಬಸ ಜೋರಾದಾಗ

1. ರೋಗಿಯನ್ನು ನೆಟ್ಟಗೆ ಕೂರಿಸಿ. ಮಲಗಿಸಬೇಡಿ. ಸುತ್ತ ಜನ ಮುತ್ತದಿರಲಿ.
2. ಸಾಲ್ಬುಟಮಾಲ್ ಇನ್ಹೇಲರನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಸಲ ಕೊಡಿ.
3. ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಮತ್ತೆ ನಾಲ್ಕು ಸಲ ಕೊಡಿ.
4. ಆಗಲೂ ಹಗುರಾಗದಿದ್ದರೆ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೂ, ದಾರಿಯಲ್ಲೂ ಇದೇ ಕ್ರಮ ಮುಂದುವರಿಸಿ.

ಒಂದು ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ತುಟಿ ಉಗುರು ನೀಲಿಯಾದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಂಪರು ಬಂದರೆ ಕಾಯಬಾರದು. ಔಷಧಿ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಸುಂಯ್ ಶಬ್ದ ನಿಂತೂ ರೋಗಿ ಸುಸ್ತಾಗುತ್ತಿದ್ದರೆ ಅದು ಗುಣವಾದ ಲಕ್ಷಣವಲ್ಲ, ಗಾಳಿಯೇ ಹೋಗುತ್ತಿಲ್ಲ ಎಂದರ್ಥ. ಎಳೆದ ಔಷಧಿಯ ಪರಿಣಾಮ ಮೂರು ನಾಲ್ಕು ಗಂಟೆ ಕೂಡ ನಿಲ್ಲದಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಬೈಂದೂರಿನಿಂದ ಕುಂದಾಪುರಕ್ಕೆ 30 ಕಿಲೋಮೀಟರಿಗೂ ಹೆಚ್ಚು ದಾರಿ. ಕೊಲ್ಲೂರು, ಹೊಸಂಗಡಿ, ಅಮಾಸೆಬೈಲು ಕಡೆಯವರಿಗೆ ಘಟ್ಟದ ಬುಡದ ರಸ್ತೆ. ಮಳೆಗಾಲದಲ್ಲಿ ಮರ ಬಿದ್ದರೆ ಇನ್ನೂ ತಡ. ದೂರದ ಊರಿನವರು ಬೇಗ ಹೊರಡುವುದೇ ಜಾಣತನ. ಹತ್ತಿರದ ಆಸ್ಪತ್ರೆ ಯಾವುದು, ನಡುರಾತ್ರಿ ಯಾರ ವಾಹನ ಸಿಗುತ್ತದೆ ಎಂಬುದನ್ನು ಬರೆದು ಗೋಡೆಗೆ ಅಂಟಿಸಿಡಿ.

ರೋಗಿಗಳು ಕೇಳುವ ಪ್ರಶ್ನೆಗಳು

ಪ್ರಶ್ನೆ: ಇನ್ಹೇಲರ್ ಚಟವಾಗುತ್ತದೆಯೇ?
ಉತ್ತರ: ಇಲ್ಲ. ಕನ್ನಡಕ ಹಾಕಿದರೆ ಚಟವಾಯಿತು ಎನ್ನುವುದಿಲ್ಲವಷ್ಟೆ. ಹೆಚ್ಚು ಹೆಚ್ಚು ಬೇಕಾಗುತ್ತಿದ್ದರೆ ಅದು ಚಟವಲ್ಲ, ಕಾಯಿಲೆ ಏರುತ್ತಿರುವ ಗುರುತು.

ಪ್ರಶ್ನೆ: ಎಳೆದ ಮೇಲೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಏನು ಮಾಡಲಿ?
ಉತ್ತರ: ಸಾಲ್ಬುಟಮಾಲಿನಿಂದ ಹೀಗಾಗಬಹುದು, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಎದೆನೋವು ಬಂದರೆ ಆಸ್ಪತ್ರೆಗೆ ಬನ್ನಿ. ಹೃದ್ರೋಗ, ಥೈರಾಯ್ಡ್ ತೊಂದರೆ ಇದ್ದವರು ಮೊದಲೇ ತಿಳಿಸಬೇಕು.

ಪ್ರಶ್ನೆ: ಬೇರೆ ಕಾಯಿಲೆಯ ಮಾತ್ರೆಗಳಿಂದ ತೊಂದರೆಯುಂಟೇ?
ಉತ್ತರ: ಉಂಟು. ಪ್ರೊಪ್ರನೊಲಾಲ್ ಮಾತ್ರೆ, ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ ಉಬ್ಬಸವನ್ನು ಕೆರಳಿಸಬಲ್ಲವು. ಕೆಲವರಿಗೆ ಆಸ್ಪಿರಿನ್ ಮತ್ತಿತರ ನೋವಿನ ಮಾತ್ರೆಗಳೂ ಆಗುವುದಿಲ್ಲ. ಯಾವ ವೈದ್ಯರಲ್ಲಿಗೆ ಹೋದರೂ ‘ನನಗೆ ಅಸ್ತಮಾ ಇದೆ’ ಎಂದು ಹೇಳಿ.

ಪ್ರಶ್ನೆ: ಬಸುರಿಯಲ್ಲಿ ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬಾರದು. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲದು. ವೈದ್ಯರಿಗೆ ತಿಳಿಸಿ ಮುಂದುವರಿಸಿ.

ಪ್ರಶ್ನೆ: ಉಪವಾಸ, ರೋಜಾ ದಿನಗಳಲ್ಲಿ?
ಉತ್ತರ: ದಿನನಿತ್ಯದ ಇನ್ಹೇಲರನ್ನು ಸಹರಿಗೆ ಮೊದಲು ಮತ್ತು ಇಫ್ತಾರಿನ ನಂತರ ಎಳೆಯುವಂತೆ ವೈದ್ಯರಿಂದ ಹೊಂದಿಸಿಕೊಳ್ಳಬಹುದು. ಉಬ್ಬಸ ಬಂದರೆ ಮಾತ್ರ ಕಾಯಬೇಡಿ. ಪ್ರಾಣ ಉಳಿಸಿಕೊಳ್ಳಲು ಯಾವ ಧರ್ಮವೂ ಅಡ್ಡಿ ಹೇಳುವುದಿಲ್ಲ.

ಪ್ರಶ್ನೆ: ಮೃಗಶಿರಾ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ನುಂಗಿ ಬರುವವರಿದ್ದಾರೆ. ಆಮೇಲೆ ಇನ್ಹೇಲರ್ ಬಿಡಬಹುದೇ?
ಉತ್ತರ: ನಂಬಿಕೆ ಅವರವರದು. ಆದರೆ ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಮೃಗಶಿರಾ ಎಂದರೆ ನಮ್ಮಲ್ಲಿ ಮಳೆ ಹಿಡಿಯುವ ಕಾಲ. ಇನ್ಹೇಲರ್ ಬಿಡಲು ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ.

ನೆನಪಿಡಿ

* ನಿಯಂತ್ರಣದ ಇನ್ಹೇಲರ್ ದಿನವೂ, ಉಬ್ಬಸ ಇಲ್ಲದಾಗಲೂ. ವೈದ್ಯರು ಹೇಳದೆ ನಿಲ್ಲಿಸಬೇಡಿ.
* ಉಪಶಮನದ ಇನ್ಹೇಲರ್ ಸದಾ ಜೊತೆಯಲ್ಲಿರಲಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾದರೆ ವೈದ್ಯರನ್ನು ಕಾಣಿ.
* ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಎಲ್ಲ ಕೆಮ್ಮೂ ಅಸ್ತಮಾ ಅಲ್ಲ.
* ಹಣದ ಅಡಚಣೆಯಿಂದ ಔಷಧಿ ಬಿಡಬೇಡಿ. ಸರಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ನಮ್ಮಲ್ಲಿಯೂ ಸಂಕೋಚವಿಲ್ಲದೆ ಹೇಳಿ. ದಾಸೋಹದ ಮನೆಯಲ್ಲಿ ಕೇಳುವುದಕ್ಕೆ ನಾಚಿಕೆ ಬೇಡ.
* ಮುಂದಿನ ಸಲ ಬರುವಾಗ ನಿಮ್ಮ ಇನ್ಹೇಲರನ್ನು ತಪ್ಪದೆ ತನ್ನಿ. ದಾದಿಯರ ಎದುರಿಗೆ ಒಮ್ಮೆ ಎಳೆದು ತೋರಿಸಿ. ವರ್ಷಗಟ್ಟಲೆ ಬಳಸಿದವರ ಕ್ರಮದಲ್ಲೂ ತಪ್ಪಿರುವುದುಂಟು, ತಿದ್ದಿಕೊಳ್ಳಲು ಎರಡು ನಿಮಿಷ ಸಾಕು.

ಈ ಹಾಳೆಯನ್ನು ಓದಿ ಎಸೆಯದೆ ಮನೆಯಲ್ಲಿಡಿ, ನೆರೆಮನೆಯವರಿಗೂ ಓದಿ ಹೇಳಿ. ಎಲ್ಲರಿಗೂ ಸುಖದ ಉಸಿರು ಸಿಗಲಿ.

ಶರಣು ಶರಣಾರ್ಥಿ.