ಹಾಲುಣಿಸುವ ತಾಯಿ ತೂಕ ಇಳಿಸಬಹುದೇ?



ಈ ಸಲ ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು ಇವನ್ನೆಲ್ಲ ಪಕ್ಕಕ್ಕಿಟ್ಟು ಬೇರೆ ವಿಷಯ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನೀವೇ. ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುವಾಗ "ಮೇಡಂ, ಒಂದು ಮಾತು" ಎಂದು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಇದೇ ಹೆಚ್ಚು: "ಮಗಳಿಗೆ ಹೆರಿಗೆಯಾಗಿ ನಾಲ್ಕು ತಿಂಗಳಾಯ್ತು, ಮೈ ಇಳಿದಿಲ್ಲ ಅಂತ ಊಟ ಬಿಟ್ಟಿದ್ದಾಳೆ. ಹಾಲು ಕಮ್ಮಿ ಆಗಲ್ವಾ?" ನಾನು ದನದ ಡಾಕ್ಟರು, ಮನುಷ್ಯರಿಗೆ ಮಾತ್ರೆ ಬರೆಯುವವಳಲ್ಲ. ಆದರೆ ಹಾಲು ಕೊಡುವ ತಾಯಿಯ ಮೈ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ನಮ್ಮ ಓದಿನ ದೊಡ್ಡ ಪಾಠ. ಅದರಲ್ಲಿ ಅರ್ಧ ನಿಮಗೆ ಕೊಟ್ಟಿಗೆಯಲ್ಲೇ ಗೊತ್ತಿದೆ.

ನಿಮ್ಮ ಎಚ್‌ಎಫ್ ಹಸುವನ್ನೇ ನೆನಪಿಸಿಕೊಳ್ಳಿ. ಕರು ಹಾಕಿದ ಆರರಿಂದ ಎಂಟು ವಾರಕ್ಕೆ ಅದರ ಹಾಲು ತುದಿ ಮುಟ್ಟುತ್ತದೆ. ಹೊಟ್ಟೆ ತುಂಬ ಮೇಯುವ ಶಕ್ತಿ ಬರುವುದು ಮಾತ್ರ ಹತ್ತು ಹನ್ನೆರಡು ವಾರಕ್ಕೆ. ನಡುವಿನ ಕೊರತೆಯನ್ನು ಅದು ತನ್ನ ಮೈಕೊಬ್ಬು ಕರಗಿಸಿ ತುಂಬುತ್ತದೆ. ಹಾಗಾಗಿಯೇ ಪಕ್ಕೆಲುಬು ಕಾಣುವುದು. ಸ್ವಲ್ಪ ಇಳಿದರೆ ತೊಂದರೆಯಿಲ್ಲ, ಅದು ಸಹಜ. ತೀರಾ ಬೇಗ ಇಳಿದರೆ ಹಿಂಡಿ ಮೂಸಿ ನೋಡಿ ಬಿಡುತ್ತದೆ, ಹಾಲು ಕುಸಿಯುತ್ತದೆ, ಉಸಿರಿನಲ್ಲಿ ಒಂದು ಥರದ ಸಿಹಿ ವಾಸನೆ ಬರುತ್ತದೆ. ಅದೇ ಕೀಟೋಸಿಸ್. ಕೊಬ್ಬು ಒಮ್ಮೆಲೇ ಕರಗಿದಾಗ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಇಂಥ ಹಸುವಿನ ಹಾಲು ಡೈರಿಯಲ್ಲಿ ಫ್ಯಾಟ್ ಜಾಸ್ತಿ ತೋರಿಸುವುದುಂಟು. ಚೀಟಿ ನೋಡಿ ನಾವು ಖುಷಿಪಡುತ್ತೇವೆ, ಹಸು ತನ್ನ ಮೈಯನ್ನೇ ಕರಗಿಸಿ ಕೊಡುತ್ತಿರುತ್ತದೆ.

ಹೆಣ್ಣಿನ ಮೈಯೂ ಇದೇ ದಾರಿಯಲ್ಲೇ ನಡೆಯುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೆ. ಮಗು ಬರೀ ಎದೆಹಾಲು ಕುಡಿಯುವ ತಿಂಗಳುಗಳಲ್ಲಿ ತಾಯಿ ದಿನಕ್ಕೆ ಸುಮಾರು 750 ಮಿ.ಲೀ. ಹಾಲು ಉತ್ಪಾದಿಸುತ್ತಾಳೆ. ಇದಕ್ಕಾಗಿ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಆಮೇಲಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದೆ. ಹಸುವಿಗೆ ಮೈ ನಿರ್ವಹಣೆಗೆ ಒಂದು ಪಾಲು, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ ಅನ್ನುತ್ತೇವಲ್ಲ, ಇದೂ ಅದೇ ಲೆಕ್ಕ. ಹಾಲು ಕೊಡುವುದೇ ದಿನಕ್ಕೆ ಇಷ್ಟು ಖರ್ಚಿನ ಕೆಲಸ ಆದ್ದರಿಂದ ಹಾಲುಣಿಸುವ ತಾಯಿಯ ತೂಕ ನಿಧಾನವಾಗಿ ತಾನಾಗಿಯೇ ಇಳಿಯಬಹುದು.

ಹಾಗಾದರೆ ಬೇಕೆಂದೇ ಇಳಿಸಬಹುದೇ? ಇಳಿಸಬಹುದು. ಅಮೆರಿಕದಲ್ಲಿ ಮೈ ಹೆಚ್ಚಿದ್ದ 40 ಬಾಣಂತಿಯರ ಮೇಲೆ ಮಾಡಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅರ್ಧದಷ್ಟು ತಾಯಂದಿರು ಹೆರಿಗೆಯಾದ ನಾಲ್ಕು ವಾರದ ನಂತರ ಊಟದಲ್ಲಿ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿ, ವಾರಕ್ಕೆ ನಾಲ್ಕು ದಿನ 45 ನಿಮಿಷ ವ್ಯಾಯಾಮ ಮಾಡಿದರು. ಹತ್ತು ವಾರದಲ್ಲಿ ಸರಾಸರಿ 4.8 ಕೆ.ಜಿ. ಇಳಿದರು. ಅವರ ಮಕ್ಕಳು ಉಳಿದ ತಾಯಂದಿರ ಮಕ್ಕಳಷ್ಟೇ ಚೆನ್ನಾಗಿ ಬೆಳೆದವು. ಅಂದರೆ ವಾರಕ್ಕೆ ಅರ್ಧ ಕೆ.ಜಿ., ತಿಂಗಳಿಗೆ ಎರಡು ಕೆ.ಜಿ. ಅದಕ್ಕಿಂತ ವೇಗ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮಲ್ಲಿ ಮೊದಲ ಎರಡು ತಿಂಗಳು ಆ ಯೋಚನೆಯೇ ಬೇಡ. ಹಾಲು ಕುದುರಲಿ, ಗಾಯ ಮಾಗಲಿ.

ನಾನಿರುವುದು ಬೆಂಗಳೂರಿನ ಶ್ರೀನಗರದಲ್ಲಿ. ಕನಕಪುರ, ಮಾಗಡಿ ಕಡೆಯ ನಿಮ್ಮಂಥವರ ಹೆಣ್ಣುಮಕ್ಕಳು ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಮಗು ಎತ್ತಿಕೊಂಡು ಇಂಥ ಬಡಾವಣೆಗಳ ಬಾಡಿಗೆ ಮನೆಗೆ ವಾಪಸ್ ಬರುತ್ತಾರೆ. ಮತ್ತೆ ಕೆಲಸಕ್ಕೆ ಹೋಗಬೇಕು, ಹಳೇ ಬಟ್ಟೆ ಹಿಡಿಸುವುದಿಲ್ಲ. ಫೋನಿನಲ್ಲಿ ನೋಡಿ ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟು ಮಧ್ಯಾಹ್ನದವರೆಗೆ ಬಿಸಿನೀರು, ನಿಂಬೆಹಣ್ಣಿನಲ್ಲೇ ಇರುವವರನ್ನು ನೋಡಿದ್ದೇನೆ. ಒಬ್ಬ ಹುಡುಗಿ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತಳು, ಪುಣ್ಯಕ್ಕೆ ಮಗು ಅಜ್ಜಿಯ ಕೈಯಲ್ಲಿತ್ತು. ಆ ಅಜ್ಜಿ ನಮ್ಮ ಸಂಘಕ್ಕೆ ಹಾಲು ಹಾಕುವವರು. "ಕರು ಹಾಕಿದ ಹಸುವಿಗೆ ಹಿಂಡಿ ನಿಲ್ಲಿಸಿ ಬರೀ ನೀರು ಇಡ್ತೀರಾ ಅಮ್ಮ?" ಅಂದೆ. ಅವರು ಮಗಳ ಮುಖ ನೋಡಿದರು, ಮಾತಾಡಲಿಲ್ಲ.

ಇದು ಹೆದರಿಸಲು ಹೇಳಿದ್ದಲ್ಲ. ಅನ್ನ, ರಾಗಿ, ಗೋಧಿ ಪೂರಾ ಬಿಟ್ಟ ಹಾಲುಣಿಸುವ ತಾಯಂದಿರಿಗೆ ಕೀಟೋನ್ ಏರಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. 2015ರಲ್ಲಿ ಸ್ವೀಡನ್ನಿನಿಂದ ಇಂಥದೊಂದು ವರದಿ ಬಂತು. ಆ ತಾಯಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ವಾಂತಿ, ಎದೆ ಬಡಿತ, ನಡುಕ ಎಂದು ಬಂದಾಗ ರಕ್ತದಲ್ಲಿ ಕೀಟೋನ್ ತುಂಬಿತ್ತು, ಚಿಕಿತ್ಸೆಯಿಂದ ಚೇತರಿಸಿಕೊಂಡರು. ನಮ್ಮ ಹಸುಗಳಿಗೆ ಗ್ಲೂಕೋಸ್ ಬಾಟಲಿ ಏರಿಸುವ ಕಾಯಿಲೆಯ ಮನುಷ್ಯ ರೂಪವೇ ಇದು. ಹಾಗಾಗಿ ಏನೇ ಕಡಿಮೆ ಮಾಡಿ, ಧಾನ್ಯ ಪೂರಾ ಬಿಡಬೇಡಿ, ಉಪವಾಸ ಮಾಡಬೇಡಿ. ದಿನಕ್ಕೆ 1800 ಕ್ಯಾಲೊರಿಗಿಂತ ಕೆಳಗೆ ಇಳಿಯಬಾರದು ಎನ್ನುವುದು ಸಾಮಾನ್ಯ ಸಲಹೆ. ತೂಕ ಇಳಿಸುವ ಮಾತ್ರೆ, ಪುಡಿ, ಕಷಾಯಗಳನ್ನು ಹಾಲುಣಿಸುವಾಗ ಮುಟ್ಟಲೇಬೇಡಿ.

ಹಾಗಾದರೆ ಎಲ್ಲಿ ಕಡಿಮೆ ಮಾಡುವುದು? ಇಲ್ಲಿ ಅಜ್ಜಿಯಂದಿರು ಸ್ವಲ್ಪ ಸಿಟ್ಟಾಗಬಹುದು. ಒಂದು ದೊಡ್ಡ ಚಮಚ ತುಪ್ಪಕ್ಕೆ ಸುಮಾರು 120 ಕ್ಯಾಲೊರಿ. ದಿನಕ್ಕೆ ನಾಲ್ಕೈದು ಚಮಚ ತುಪ್ಪ, ಮೇಲೆ ಅಂಟಿನ ಉಂಡೆ, ಕೊಬ್ಬರಿ ಬೆಲ್ಲ ಎಂದಾದರೆ ಹಾಲಿಗೆ ಬೇಕಾದ 600 ಕ್ಯಾಲೊರಿ ಅದರಲ್ಲೇ ದಾಟಿಹೋಗುತ್ತದೆ. ಹೊಲಗದ್ದೆಯಲ್ಲಿ ದುಡಿದು ಬಡಕಲಾಗಿ ಹೆತ್ತವಳಿಗೆ ಅದು ಸರಿ. ಒಂಬತ್ತು ತಿಂಗಳು ಕೂತು ಉಂಡ ಹುಡುಗಿಗೆ ಅಷ್ಟು ಬೇಡ. ತುಪ್ಪ ಒಂದೆರಡು ಚಮಚಕ್ಕೆ ಇಳಿಸಿ, ಸಂಜೆಯ ಬೇಕರಿ ತಿಂಡಿ, ಬಿಸ್ಕತ್ತು ನಿಲ್ಲಿಸಿ, ಕಾಫಿಯ ಸಕ್ಕರೆ ತಗ್ಗಿಸಿ. ಮುದ್ದೆ ಇರಲಿ, ರಾಗಿಯಲ್ಲಿ ಸುಣ್ಣದಂಶ ಹೇರಳ. ಬಸ್ಸಾರು, ಸಬ್ಬಸಿಗೆ, ನುಗ್ಗೆಸೊಪ್ಪು, ಹೆಸರುಕಾಳು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ. ಬೇಳೆ ವಾಯು, ಹಣ್ಣು ಶೀತ ಎಂದು ಬಾಣಂತಿಯಿಂದ ದೂರ ಇಡುವುದನ್ನು ದಯವಿಟ್ಟು ಬಿಡಿ.

ನೀರಿನ ವಿಷಯ ಇನ್ನೂ ಮುಖ್ಯ. ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ಲೋಟದಲ್ಲಿ ಅಳೆದು ನೀರು ಕೊಡುವ ಮನೆಗಳು ಈಗಲೂ ಇವೆ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ, ಹಸುವಿನ ಹಾಲಿನಲ್ಲೂ ಅಷ್ಟೇ. ಬಾಯಾರಿಕೆ ಆದಷ್ಟೂ ಕುಡಿಯಲಿ.

ಇನ್ನು ವ್ಯಾಯಾಮ. ಸಗಣಿ ಬಾಚಿ, ಮೇವು ಕೊಯ್ದು, ಎರಡು ಹೊತ್ತು ಹಾಲು ಕರೆಯುವವರಿಗೆ ಅದರ ಪಾಠ ಹೇಳಲು ನನಗೆ ಸಂಕೋಚ. ನಿಮಗೆ ನಾನು ಹೇಳಬೇಕಾದದ್ದು ಉಲ್ಟಾ: ಮೊದಲ ಆರು ವಾರ, ಸಿಸೇರಿಯನ್ ಆಗಿದ್ದರೆ ಡಾಕ್ಟರು ಹೇಳುವವರೆಗೆ, ಮಗುವಿಗಿಂತ ಭಾರದ್ದು ಎತ್ತಬೇಡಿ. ಹುಲ್ಲಿನ ಹೊರೆ, ಹಾಲಿನ ಕ್ಯಾನು ಬೇರೆಯವರು ಹೊರಲಿ. ಭಾರ ಎತ್ತಿದಾಗ, ಕೆಮ್ಮಿದಾಗ ಮೂತ್ರ ಜಾರುತ್ತಿದ್ದರೆ, ಕೆಳಗೆ ಏನೋ ಇಳಿದಂತೆ ಅನಿಸಿದರೆ ಮುಚ್ಚಿಡದೆ ತೋರಿಸಿ. ಹಸುವಿಗೆ ಗರ್ಭಕೋಶ ಹೊರಬಂದರೆ ನಡುರಾತ್ರಿ ನನಗೆ ಫೋನ್ ಮಾಡುತ್ತೀರಿ, ನಿಮ್ಮದಾದರೆ ವರ್ಷಗಟ್ಟಲೆ ಸುಮ್ಮನಿರುತ್ತೀರಿ. ಪೇಟೆಯಲ್ಲಿರುವ ಮಗಳಿಗೆ ಮಾತ್ರ ದಿನವೂ ಅರ್ಧ ಗಂಟೆ ಬಿರುಸು ನಡಿಗೆ ಸಾಕು. ಹಾಲು ಕುಡಿಸಿ ಹೊರಟರೆ ಎದೆಭಾರವಿಲ್ಲದೆ ನಡೆಯಬಹುದು.

ತೂಕ ಇಳಿಸುವ ಮಾತೇ ಎತ್ತಬಾರದವರೂ ನಮ್ಮಲ್ಲಿ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಮಂದಿ ತೂಕ ಹೆಚ್ಚಿರುವವರು, 17 ಮಂದಿ ತೀರಾ ಸಣಕಲು, ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ದಪ್ಪಗಿದ್ದ ಮಾತ್ರಕ್ಕೆ ರಕ್ತ ಚೆನ್ನಾಗಿದೆ ಎಂದಲ್ಲ. ಎಷ್ಟು ಮಾಡಿದರೂ ತೂಕ ಇಳಿಯದೆ ಸುಸ್ತು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಹೆರಿಗೆಯಾದ ಮೊದಲ ವರ್ಷದಲ್ಲಿ ಅದು ಏರುಪೇರಾಗುವುದುಂಟು.

ಒಕ್ಕೂಟದ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೋ ಇಲ್ಲವೋ, ಬರೆಯುತ್ತೇನೆ: ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯ ಬಾಣಂತಿಗೆ ಕರಿ ಕಾಫಿ ಕೊಡಬೇಡಿ. ಅರ್ಧ ಲೀಟರ್ ಅವಳ ಪಾಲು ಮೊದಲೇ ತೆಗೆದಿಡಿ. ಕಾಯಿಸಿ, ಬೇಕಿದ್ದರೆ ಕೆನೆ ತೆಗೆದು ಕೊಡಿ. ಕೆನೆ ಹೋದರೂ ಸುಣ್ಣದಂಶ ಹೋಗುವುದಿಲ್ಲ.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಮಗುವನ್ನು ನೋಡಿ. ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡಬೇಕು, ಅಂಗನವಾಡಿಯಲ್ಲಿ ತೂಗಿದಾಗ ತಾಯಿ ಕಾರ್ಡಿನ ಗೆರೆ ಮೇಲೇರುತ್ತಿರಬೇಕು. ಗೆರೆ ಮಲಗಿದರೆ ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಅಂಗನವಾಡಿಯಲ್ಲಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯ ಊಟ ಹೆರಿಗೆಯಾಗಿ ಆರು ತಿಂಗಳವರೆಗಿನ ಬಾಣಂತಿಯರಿಗೂ ಇದೆ, ಸಂಕೋಚಪಡದೆ ಹೋಗಿ ಉಣ್ಣಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಕನಿಷ್ಠ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಹಾಲು, ಕಾಫಿ, ಟೀ ಜೊತೆ ತೆಗೆದುಕೊಳ್ಳಬೇಡಿ, ನಿಂಬೆ ಪಾನಕ ಒಳ್ಳೆಯದು. ಸಂದೇಹವಿದ್ದರೆ ಆರೋಗ್ಯವಾಣಿ 104ಕ್ಕೆ ಕರೆ ಮಾಡಿ. ಹಸುವಿನ ವಿಷಯಕ್ಕೆ ಎಂದಿನಂತೆ ನನಗೇ ಮಾಡಿ.